ಗೇಟಿನವನು ಹಿಡಿದ ಮೀನು

ಮೊನ್ನೆ ಕೆಲಸದವಳು ಒಲೆಯ ಮೇಲೆ ಉಗಾಲಿ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಂತಳು. ಉಗಾಲಿ ಅಂದರೆ ಇಲ್ಲಿ ನೈರೋಬಿಯವರ ಮೆಕ್ಕೆಜೋಳದ ಮುದ್ದೆ, ನನ್ನ ಅಳಿಯನ ಊರಿನ ರಾಗಿಮುದ್ದೆಗೆ ಬಿಳಿ ತಮ್ಮ. ಅದು ತಳ ಹಿಡಿಯಿತು. ಸೀದ ವಾಸನೆ ನನ್ನ ಕೋಣೆಯವರೆಗೂ ಬಂತು. ಬೈಯಲು ಎದ್ದು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಪಾತ್ರೆಯ ತಳದ ಕರಕಲನ್ನು ಸೌಟಿನಿಂದ ಕೆರೆಯುತ್ತಿದ್ದಳು. ಆ ಕೆರೆಯುವ ಸದ್ದು, ಆ ವಾಸನೆ... ಬೈಗುಳ ಬಾಯಿಗೆ ಬರಲಿಲ್ಲ. ಅಂಥ ಕರಕಲನ್ನು ಪೇಪರಿನಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಒಬ್ಬ ಮನುಷ್ಯ ನನಗೆ ಗೊತ್ತಿದ್ದ. ಎಂಟು ವರ್ಷ ಆಯಿತು.

ಅವನು ನಮ್ಮ ಫ್ಲಾಟಿನ ಗೇಟು ಕಾಯುವವ. ಇಲ್ಲಿಯವರು ಅಸ್ಕಾರಿ ಅನ್ನುತ್ತಾರೆ, ಅಳಿಯ ಸೆಕ್ಯೂರಿಟಿ ಅನ್ನುತ್ತಾರೆ. ನಾನು ಗೇಟಿನವ ಅನ್ನುತ್ತಿದ್ದೆ. ಉದ್ದ ಆಳು, ನಲವತ್ತು ದಾಟಿರಬೇಕು. ದೊಡ್ಡ ಸರೋವರದ ಕಡೆಯವನು, ಮೀನು ತಿಂದು ಬೆಳೆದ ಜನ. ನಾವಿರುವ ಕಿಲಿಮಾನಿ ಬಡಾವಣೆಯ ಬೀದಿಯಲ್ಲಿ ಇಂಥ ಗೇಟು ಇಪ್ಪತ್ತಿವೆ, ಇಪ್ಪತ್ತರಲ್ಲೂ ಇಂಥವರು ಕೂತಿರುತ್ತಾರೆ. ಯಾರು ಯಾರನ್ನು ನೋಡುತ್ತಾರೆ? ನಾನೂ ನೋಡಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬರುವಾಗ ಅವನ ಮೊಣಕೈ ಹತ್ತಿರ ಒಂದು ಮೀನಿನ ಹುರುಪೆ ಅಂಟಿಕೊಂಡು ಹೊಳೆಯುತ್ತಿತ್ತು. ನನ್ನ ಕಣ್ಣಿಗೆ ಅದು ತಪ್ಪುವುದಿಲ್ಲ. ಬೆರಳು ಮಾಡಿ ತೋರಿಸಿದೆ. ಅವನು ನೋಡಿಕೊಂಡು ನಕ್ಕ. ಗಾಳದ ಕೋಲು ಎತ್ತುವ ಹಾಗೆ ಕೈ ಮಾಡಿ, "ಸಮಾಕಿ, ಮಾಮಾ" ಅಂದ. ಮಾಮಾ ಅಂದರೆ ಇಲ್ಲಿ ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು.

"ಮೀನು" ಅಂದೆ ನಾನು.

"ಮೀನು" ಅಂದ ಅವನು. ಆಮೇಲೆ ಪ್ರತಿ ಸೋಮವಾರ ನನ್ನನ್ನು ಕಂಡರೆ ಗೇಟಿನಿಂದಲೇ "ಮೀನು, ಮಾಮಾ!" ಅಂತ ಕೂಗುತ್ತಿದ್ದ. ಎಷ್ಟು ಸಿಕ್ಕಿತು ಅಂತ ಬೆರಳಲ್ಲಿ ತೋರಿಸುತ್ತಿದ್ದ. ಈ ಊರಲ್ಲಿ ನನ್ನಿಂದ ಒಂದು ಪದ ಕಲಿತವನು ಅವನೊಬ್ಬನೇ. ಮೊಮ್ಮಗಳಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ.

ಹಾಗಂತ ನಾನು ಅವನನ್ನು ನಂಬಿದ್ದೆ ಅಂತಲ್ಲ. ನನಗೆ ನಂಬಿ ಅಭ್ಯಾಸವಿಲ್ಲ. ಕುಂದಾಪುರದ ಕಡೆ ತಲೆಯ ಮೇಲೆ ಬುಟ್ಟಿ ಹೊತ್ತು ನಲವತ್ತು ವರ್ಷ ಮೀನು ಮಾರಿದವಳು ನಾನು. ನಿನ್ನೆಯ ಮೀನನ್ನು ಇವತ್ತಿನದು ಅನ್ನುವವರ ನಡುವೆಯೇ ಬದುಕಿದೆ. ನಾನೂ ಹಾಗೆ ಹೇಳಿದ್ದೇನೆ. ಹೇಳಿದವರಿಗೆ ಗೊತ್ತು, ಮನುಷ್ಯರು ಎಷ್ಟು ಸುಲಭವಾಗಿ ಸುಳ್ಳು ಹೇಳುತ್ತಾರೆ ಅಂತ. ನಕ್ಕು ಮಾತಾಡುವವರ ಮೇಲೆ ನನಗೆ ಒಂದು ಕಣ್ಣು ಜಾಸ್ತಿಯೇ.

ಆ ವರ್ಷ ಫ್ಲಾಟಿನ ಜನರೇಟರಿನ ಡೀಸೆಲ್ ಕಡಿಮೆಯಾಗುತ್ತಿದೆ ಅಂತ ಗಲಾಟೆ ಶುರುವಾಯಿತು. ಕರೆಂಟು ಹೋಗುವುದು ಇಲ್ಲಿ ದೊಡ್ಡ ಮಾತಲ್ಲ. ಹೋದಾಗಲೆಲ್ಲ ಹಿಂದುಗಡೆ ಶೆಡ್ಡಿನಲ್ಲಿ ಜನರೇಟರು ಗುರ್ರೆನ್ನುತ್ತದೆ. ತುಂಬಿಸಿಟ್ಟ ಡ್ರಮ್ಮು ಉಪಯೋಗಿಸದೆಯೂ ಇಳಿಯುತ್ತಿತ್ತಂತೆ. ನನ್ನ ಅಳಿಯ ಔಷಧಿ ಫ್ಯಾಕ್ಟರಿಯಲ್ಲಿ ಇಂಜಿನಿಯರು, ಫ್ಲಾಟಿನ ಕಮಿಟಿಗೆ ಸೆಕ್ರೆಟರಿ ಬೇರೆ. ಡ್ರಮ್ಮು, ಪೈಪು, ಅಳತೆಯ ಕೋಲು ಎಲ್ಲ ನೋಡಿದ ಮೇಲೆ ಕಮಿಟಿಯವರ ಕಣ್ಣು ಗೇಟಿನವನ ಮೇಲೆ ಬಿತ್ತು. ಕಾರಣ, ಅವನು ಭಾನುವಾರ ರಜೆಯಲ್ಲಿ ಹೋಗುವಾಗ ಕೈಯಲ್ಲಿ ಒಂದು ಹಳದಿ ಕ್ಯಾನು ಇರುತ್ತಿತ್ತು. ಕೇಳಿದರೆ ಮೀನು ಹಿಡಿಯಲು ಅನ್ನುತ್ತಿದ್ದ.

ಒಂದು ರಾತ್ರಿ ಊಟಕ್ಕೆ ಕೂತಾಗ ಅಳಿಯ ನನ್ನ ಕಡೆ ತಿರುಗಿದರು.

"ಅತ್ತೆ, ಅವನು ಸಂಡೆ ಸಂಡೆ ಫಿಶಿಂಗ್ ಅಂತ ಹೋಗ್ತಾನಲ್ಲ. ನಿಮಗೆ ಅದೆಲ್ಲ ಗೊತ್ತು. ಒಂದಿನ ಜೊತೇಲಿ ಹೋಗಿ ನೋಡ್ಕೊಂಡು ಬನ್ನಿ. ನಿಜವಾಗ್ಲೂ ಮೀನು ಹಿಡಿತಾನಾ, ಇಲ್ಲ ನಾಟಕನಾ ಅಂತ. ಜಸ್ಟ್ ಅಬ್ಸರ್ವ್ ಮಾಡಿ ಸಾಕು."

ಮಗಳು ಚಪಾತಿ ಹಾಕುತ್ತಿದ್ದವಳು ನಿಂತಳು. "ಅಮ್ಮನ್ನ ಪೊಲೀಸ್ ಮಾಡ್ತೀರಾ ನೀವು? ಈ ಚಳೀಲಿ?"

"ಅವನೇ ಕೇಳಿದ್ದ ಕಣೇ, ಮಾಮಾನ ಒಂದಿನ ಕರ್ಕೊಂಡು ಹೋಗ್ಲಾ ಅಂತ. ಹೋದ್ರೆ ಅವನಿಗೆ ಡೌಟೂ ಬರಲ್ಲ."

"ನಾನ್ ಹೋತೆ" ಅಂದೆ. "ಮೀನಿಗೆ ಕೂತವ ಯಾರು, ಸುಮ್ನೆ ಕೂತವ ಯಾರು ಅಂದೇಳಿ ನಂಗೆ ನೋಡಿರ್ ಸಾಕ್, ಗೊತ್ತಾತ್ತ್."

ಯಾಕೆ ಒಪ್ಪಿದೆ ಅಂತ ಈಗ ಹೇಳುತ್ತೇನೆ. ಈ ಮನೆಗೆ ಬಂದು ಮೂರು ವರ್ಷದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮಗುವಿಗೆ ಯಾವ ಸ್ಕೂಲು, ಸೋಫಾ ಎಲ್ಲಿ ಇಡುವುದು, ಯಾರನ್ನು ಊಟಕ್ಕೆ ಕರೆಯುವುದು, ಯಾವುದನ್ನೂ. ಚೆನ್ನಾಗಿ ನೋಡಿಕೊಂಡರು, ಅದರಲ್ಲಿ ಸುಳ್ಳಿಲ್ಲ. ಆದರೆ ಕೇಳಲಿಲ್ಲ. ಅವತ್ತು ಕೇಳಿದರು. ಅಳಿಯ ನನ್ನ ಮುಖ ನೋಡಿ, ನಿಮಗೆ ಗೊತ್ತು ಅಂದರು. ಅಷ್ಟು ಸಾಕಾಯಿತು ನನಗೆ. ಅವನು ಸುಳ್ಳು ಹೇಳುತ್ತಿದ್ದರೆ ಕೆಲಸದಿಂದ ತೆಗೆಯುವುದು ಅಂತ ಕಮಿಟಿಯಲ್ಲಿ ಆಗಲೇ ಮಾತಾಗಿತ್ತು. ಅದೂ ನನಗೆ ಗೊತ್ತಿತ್ತು. ಊರಲ್ಲಿ ಅವನಿಗೆ ಹೆಂಡತಿ, ನಾಲ್ಕು ಮಕ್ಕಳು ಅಂತ ಕೆಲಸದವಳು ಹೇಳಿದ್ದಳು. ಅದೂ ಗೊತ್ತಿತ್ತು.

ಜುಲೈ ತಿಂಗಳು. ನೈರೋಬಿಯ ಜುಲೈ ಚಳಿ ಏನು ಅಂತ ಇಲ್ಲಿ ಇದ್ದವರಿಗೇ ಗೊತ್ತು. ಬೆಳಿಗ್ಗೆ ಎದ್ದರೆ ಆಕಾಶಕ್ಕೆ ಬೂದಿ ಬಳಿದ ಹಾಗೆ, ಮಧ್ಯಾಹ್ನದವರೆಗೂ ಸೂರ್ಯನ ಮುಖವಿಲ್ಲ. ಸೀರೆಯ ಒಳಗೆ ಮಗಳ ಪ್ಯಾಂಟು, ಮೇಲೆ ಎರಡು ಸ್ವೆಟರು, ಕಾಲಿಗೆ ಅಳಿಯನ ಕಾಲುಚೀಲ. ಅಳಿಯ ಫೋನಿನಲ್ಲಿ ಟ್ಯಾಕ್ಸಿ ಕರೆಸಿದರು. ಗೇಟಿನವ ನನ್ನನ್ನು ನೋಡಿ ಹಲ್ಲೆಲ್ಲ ಬಿಟ್ಟ. ಕಾರಿನ ಸೀಟನ್ನು ತನ್ನ ತೋಳಿನಿಂದ ಒರೆಸಿ ನನಗೆ ಜಾಗ ಮಾಡಿದ. ಇಷ್ಟು ಸೇವೆ ಯಾಕೆ ಅಂತ ಆಗಲೇ ಅನ್ನಿಸಿತು. ಅವನು ಮುಂದೆ ಕೂತ, ಕೋಲುಗಳನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿದುಕೊಂಡ. ಹಳದಿ ಕ್ಯಾನನ್ನು ಹಿಂದೆ ನನ್ನ ಕಾಲ ಹತ್ತಿರ ಇಟ್ಟ.

ಅವನು ಡ್ರೈವರನ ಜೊತೆ ಮಾತಾಡುವಾಗ ನಾನು ಬಗ್ಗಿ ಕ್ಯಾನು ಮೂಸಿದೆ. ಅಡುಗೆ ಎಣ್ಣೆಯ ದೊಡ್ಡ ಕ್ಯಾನು. ಮೇಲುಗಡೆ ಕತ್ತರಿಸಿ ಬಾಯಿ ಅಗಲ ಮಾಡಿ, ತಂತಿಯ ಹಿಡಿ ಹಾಕಿದ್ದ. ಡೀಸೆಲ್ ವಾಸನೆ ಇರಲಿಲ್ಲ. ಡೀಸೆಲ್ ವಾಸನೆ ನನಗೆ ಗೊತ್ತು, ಬೋಟಿನ ಮೀನಿಗೆಲ್ಲ ಅದೇ ವಾಸನೆ ಇರುತ್ತದೆ. ಇದರಲ್ಲಿ ಸೋಪಿನ ವಾಸನೆ ಇತ್ತು. ಇಲ್ಲ ಅಂದಮೇಲೆ ಇಲ್ಲ ಅಂತ ಬಿಡಬೇಕಿತ್ತು. ನಾನು ಬಿಟ್ಟೆನೇ? ತೊಳೆದಿದ್ದಾನೆ ಅಂದುಕೊಂಡೆ. ಇಷ್ಟು ಚೆನ್ನಾಗಿ ಯಾಕೆ ತೊಳೆದ ಅಂದುಕೊಂಡೆ.

ಹೋದದ್ದು ಊರಂಚಿನ ಕರೆನ್ ಕಡೆ. ಅಲ್ಲಿ ಮನೆಗಳು ಮರದೊಳಗೆ ಅಡಗಿ ಕೂತಿರುತ್ತವೆ. ಒಂದೊಂದು ಮನೆಗೆ ನಮ್ಮ ಒಂದು ಕೇರಿಯಷ್ಟು ಜಾಗ. ಅಂಥದೊಂದು ಜಾಗದ ಹಿಂದುಗಡೆ ಹಳೆಯ ಕಾಫಿ ತೋಟಕ್ಕೆ ತೋಡಿದ ಒಂದು ಕೆರೆ ಉಳಿದಿತ್ತು. ಅಲ್ಲಿಯ ಕಾವಲುಗಾರ ಇವನ ಊರಿನವನು, ಒಳಗೆ ಬಿಟ್ಟ. ಕೆರೆ ಸುತ್ತ ಜೊಂಡು, ಆಚೆ ನೀಲಗಿರಿ ಮರ, ಕಪ್ಪು ಜಿಗುಟು ಮಣ್ಣು. ದಡದಲ್ಲಿ ಕಲ್ಲೊಂದರ ಮೇಲೆ ತನ್ನ ಜಾಕೆಟ್ ಹಾಸಿ ನನ್ನನ್ನು ಕೂರಿಸಿದ. ಪೇಪರು ಬಿಚ್ಚಿ ಸೀದ ಉಗಾಲಿಯ ಚೂರು ತೆಗೆದು, ಉಗುಳು ಹಚ್ಚಿ ನಾದಿ, ಗುಂಡು ಮಾಡಿ ಗಾಳಕ್ಕೆ ಚುಚ್ಚಿದ. ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಬೆಂಡು ಮಾಡಿದ್ದ. ಒಂದು ಕೋಲು ನನಗೆ ಕೊಟ್ಟ, ಒಂದು ಅವನು ಹಿಡಿದ. ಗಂಟು ನೋಡಿದೆ. ಗಂಟು ಸರಿಯಿತ್ತು. ಮೀನು ಹಿಡಿಯಲು ಬಾರದವನಲ್ಲ ಅಂತ ಅಷ್ಟಕ್ಕೇ ಗೊತ್ತಾಯಿತು. ಆದರೆ ಗಂಟು ಹಾಕಲು ಬರುವವನು ಕದಿಯುವುದಿಲ್ಲ ಅಂತ ಎಲ್ಲಿದೆ?

ನನಗೆ ಆ ನೀರೇ ಸರಿಬರಲಿಲ್ಲ. ನಮ್ಮಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ನೀರು ಯಾವಾಗಲೂ ನಡೆಯುತ್ತಿರುತ್ತದೆ. ಆರು ಗಂಟೆ ಕಡಲು ಒಳಗೆ ಬರುತ್ತದೆ, ಆರು ಗಂಟೆ ಹೊರಗೆ ಹೋಗುತ್ತದೆ. ಬರುವುದು ಭರತ, ಹೋಗುವುದು ಇಳಿತ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಇವತ್ತು ಯಾವ ತಿಥಿ ಅಂತ ಹೇಳಿದರೆ ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ದಡದಲ್ಲಿ ಗಾಳ ಹಾಕಿ ಕೂರುತ್ತಿದ್ದೆ. ಇಳಿತ ಶುರುವಾಗುತ್ತಿದ್ದ ಹಾಗೆ ಮೀನು ಎಳೆಯುತ್ತದೆ. ನೀರು ಪೂರ್ತಿ ಇಳಿದು ಅಲುಗಾಡದೆ ನಿಂತಿತೋ, ಅಪ್ಪ ಗಾಳ ಸುತ್ತಿ ಎದ್ದೇಬಿಡುವವರು. ಎದ್ದು ಹೋಗುವಾಗ ಆಚೆ ದಡದಲ್ಲಿ ಯಾರಾದರೂ ಇನ್ನೂ ಕೂತಿದ್ದರೆ ಗಲ್ಲ ಎತ್ತಿ ತೋರಿಸುತ್ತಿದ್ದರು. "ಅಗಾ, ಅವ ಮೀನಿಗ್ ಕೂತದ್ದಲ್ಲ" ಅನ್ನುತ್ತಿದ್ದರು. ನಿಜವೇ ಆಗಿರುತ್ತಿತ್ತು. ಕದ್ದು ಸಾರಾಯಿ ತರುವ ದೋಣಿಗೆ ಕಾಯುವವರು, ಇನ್ನೊಬ್ಬರ ಮನೆಯ ಹೆಂಗಸಿಗೆ ಕಾಯುವವರು. ಮೀನಿಗೆ ಬಂದವರು ನಿಂತ ನೀರಿಗೆ ಗಾಳ ಹಾಕಿ ಹೊತ್ತು ಕಳೆಯುವುದಿಲ್ಲ. ಇದು ನನ್ನ ರಕ್ತದಲ್ಲಿ ಕೂತ ಮಾತು.

ಈ ಕೆರೆ ಹುಟ್ಟಿದಾಗಿನಿಂದ ನಿಂತೇ ಇತ್ತು. ಒಂಬತ್ತು ಗಂಟೆಗೆ ಗಾಳ ಹಾಕಿದೆವು. ಹತ್ತಾಯಿತು. ಹನ್ನೊಂದಾಯಿತು. ಬೆಂಡು ಮೊಳೆ ಹೊಡೆದ ಹಾಗೆ ನಿಂತಿತ್ತು. ಎರಡು ಕಂದು ಹಕ್ಕಿ ಮಕ್ಕಳ ಹಾಗೆ ಕಿರುಚಿಕೊಂಡು ಮೇಲೆ ಹೋದವು. ಚಳಿಗೆ ನನ್ನ ಬೆರಳು ಮರಗಟ್ಟಿತು. ನನ್ನ ಫ್ಲಾಸ್ಕಿನ ಚಹಾ ಇಬ್ಬರೂ ಕುಡಿದೆವು. ಅವನು ಗಾಳ ಎತ್ತುತ್ತಲೂ ಇರಲಿಲ್ಲ, ಜಾಗ ಬದಲಿಸುತ್ತಲೂ ಇರಲಿಲ್ಲ. ಮೀನು ಹಿಡಿಯಬೇಕು ಅನ್ನುವವನಿಗೆ ಕೈ ಸುಮ್ಮನಿರುತ್ತದೆಯೇ? ಇವನು ಮೊಣಕಾಲಿನ ಮೇಲೆ ಗಲ್ಲ ಇಟ್ಟು ಕೂತೇ ಇದ್ದ. ಆಗಾಗ ಆಕಾಶ ನೋಡುತ್ತಿದ್ದ, ಆಮೇಲೆ ನಾವು ಬಂದ ದಾರಿಯ ಕಡೆ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ. ಬೆಂಡು ನೋಡಿದ್ದು ಕಡಿಮೆ.

"ಸಮಾಕಿ ಎಲ್ಲಿ?" ಅಂತ ಕೈ ಅಲ್ಲಾಡಿಸಿ ಕೇಳಿದೆ.

"ಬಾಡೊ, ಮಾಮಾ" ಅಂದ. ಇನ್ನೂ ಇಲ್ಲ, ತಾಳಿ ಅಂತ. ಅಷ್ಟು ಭಾಷೆ ನನಗೆ ಬರುತ್ತಿತ್ತು. ಇನ್ನೂ ಇಲ್ಲವಂತೆ. ಏನು ಇನ್ನೂ ಇಲ್ಲ? ಈ ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು?

ಹನ್ನೆರಡರ ಸುಮಾರಿಗೆ ಒಬ್ಬ ಮೋಟರ್‌ಬೈಕಿನಲ್ಲಿ ಬಂದ. ನಮ್ಮ ಹಿಂದೆ ಬೈಕು ನಿಲ್ಲಿಸಿದ. ಇಬ್ಬರೂ ಕೈ ಕುಲುಕಿದರು, ಮೆಲ್ಲಗೆ ಏನೋ ಮಾತಾಡಿದರು. ಬಂದವನು ನೇರ ಹಳದಿ ಕ್ಯಾನಿನ ಹತ್ತಿರ ಹೋಗಿ ಒಳಗೆ ಇಣುಕಿದ. ಏನೂ ಇಲ್ಲದ್ದು ನೋಡಿ ನಕ್ಕ. ಗೇಟಿನವನೂ ನಕ್ಕ. ನನ್ನ ಕಡೆ ತೋರಿಸಿ ಏನೋ ಹೇಳಿದ, ಬೈಕಿನವನು ಟೋಪಿ ತೆಗೆದು ನನಗೆ ತಲೆಬಾಗಿ ಹೊರಟುಹೋದ. ಸಿಕ್ಕಿತು ಅಂದುಕೊಂಡೆ. ಇವನೇ ಡೀಸೆಲ್ ಕೊಳ್ಳುವವನು, ನಾನಿದ್ದೇನೆ ಅಂತ ಇವತ್ತು ಖಾಲಿ ಕ್ಯಾನು ಅಂದುಕೊಂಡೆ. ನಲವತ್ತು ವರ್ಷ ನನ್ನ ಬುಟ್ಟಿಗೆ ಇಣುಕದೆ ಮುಂದೆ ಹೋದವರು ಯಾರು? ಮೀನಿನವರ ಬುಟ್ಟಿ ಕಂಡರೆ ಲೋಕವೇ ಇಣುಕುತ್ತದೆ. ಅದು ಅವತ್ತು ನನಗೆ ನೆನಪಾಗಲಿಲ್ಲ ನೋಡಿ...

ಮಧ್ಯಾಹ್ನ ಅವನು ಡಬ್ಬಿ ತೆಗೆದ. ಉಗಾಲಿ, ಜೊತೆಗೆ ಕಿರುಬೆರಳಷ್ಟು ಸಣ್ಣ ಒಣಮೀನಿನ ಟೊಮೆಟೊ ಪಲ್ಯ. ಡಬ್ಬಿಯ ಮುಚ್ಚಳದಲ್ಲಿ ನನಗೆ ಹಾಕಿ ಎರಡೂ ಕೈಯಲ್ಲಿ ಕೊಟ್ಟ. ಅಳಿಯನಿಗೆ ಮೀನಿನ ವಾಸನೆ ಆಗುವುದಿಲ್ಲ. ಒಣಮೀನು ನಾಲಿಗೆಗೆ ತಾಗದೆ ವರ್ಷಗಳಾಗಿದ್ದವು. ನನ್ನ ತಾಯಿ ಮಳೆಗಾಲಕ್ಕೆ ಮಡಕೆಯಲ್ಲಿ ತುಂಬಿಡುತ್ತಿದ್ದ ಮೀನಿನದೇ ರುಚಿ. ನಾನು ಮಗಳು ಕಟ್ಟಿಕೊಟ್ಟ ಬನ್ಸು ಎರಡು ಅವನಿಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ ತಿಂದ. ಚೆನ್ನಾಗಿಯೇ ತಿಂದೆವು ಇಬ್ಬರೂ. ತಿಂದ ಮೇಲೂ ನಾನು ನಂಬಲಿಲ್ಲ.

ಎರಡು ಗಂಟೆಗೆ ನನಗೆ ಸಾಕಾಯಿತು. ಐದು ತಾಸಿನಿಂದ ಒಂದು ಮೀನು ಮುಟ್ಟಿಲ್ಲ, ಆದರೂ ಮನುಷ್ಯ ಏಳುವ ಯೋಚನೆಯಲ್ಲಿಲ್ಲ. ಇವನು ಮೀನಿಗೆ ಕೂತವನಲ್ಲ. ಫೋನು ತೆಗೆದು ಅಳಿಯನಿಗೆ ಮಾಡಿದೆ. ಗೇಟಿನವನ ಪಕ್ಕದಲ್ಲೇ ಕೂತು ಮಾಡಿದೆ, ಅವನಿಗೆ ಕನ್ನಡ ಬರುವುದಿಲ್ಲವಲ್ಲ.

"ಟ್ಯಾಕ್ಸಿ ಕಳ್ಸಿ ಮಾರಾಯ್ರೆ. ಇವ ಮೀನ್ ಹಿಡುಕೆ ಬಂದವ ಅಲ್ಲ. ಎಂತದೋ ಕಾಯ್ತಾ ಕೂತಿದ್ದ. ಬೈಕಿನವ ಒಬ್ಬ ಬಂದು ಕ್ಯಾನ್ ನೋಡ್ಕಂಡ್ ಹೋದ."

"ಶೂರ್ ಆ ಅತ್ತೆ? ನಾಳೆ ನಾನು ಕಮಿಟೀಲಿ ಹೇಳ್ಬೇಕು."

"ಮೀನಿನ ವಿಷ್ಯ ನಂಗ್ ಹೇಳ್ಕೊಡ್ಬೇಡಿ" ಅಂದೆ.

ಮೀನು ಅನ್ನುವ ಪದ ಕೇಳಿ ಅವನು ನನ್ನ ಕಡೆ ತಿರುಗಿದ. ನಗುತ್ತ ತಲೆ ಅಲ್ಲಾಡಿಸಿದ. ಮನೆಯವರಿಗೆ ಮೀನಿನ ಸುದ್ದಿ ಹೇಳುತ್ತಿದ್ದೇನೆ ಅಂತ ಅವನ ಎಣಿಕೆ. ಫೋನಿನ ಕಡೆ ಬೆರಳು ಮಾಡಿ, "ಬಾಡೊ, ಬಾಡೊ" ಅಂತ ನನ್ನ ಕೈಯಲ್ಲಿ ಹೇಳಿಸಲು ನೋಡಿದ. ಇನ್ನೂ ಇಲ್ಲ ಅಂತ ಅವರಿಗೂ ಹೇಳಿ ಅಂತ.

ಟ್ಯಾಕ್ಸಿ ಬಂದಾಗ ಅವನು ಬರಲಿಲ್ಲ. ನನ್ನನ್ನು ಕಾರಿನವರೆಗೆ ಕೈ ಹಿಡಿದು ಹತ್ತಿಸಿ, ತಾನು ಆಮೇಲೆ ಮಟಾಟು ಅನ್ನುವ ಬಾಡಿಗೆ ವ್ಯಾನಿನಲ್ಲಿ ಬರುತ್ತೇನೆ ಅಂತ ಸನ್ನೆ ಮಾಡಿದ. ಅದಕ್ಕೂ ನಾನು ಅರ್ಥ ಹಚ್ಚಿದೆ. ನನ್ನನ್ನು ಕಳಿಸಿ ತನ್ನ ಕೆಲಸ ನೋಡಿಕೊಳ್ಳುತ್ತಾನೆ ಅಂದುಕೊಂಡೆ. ಕಾರು ದೊಡ್ಡ ರಸ್ತೆ ಸೇರುವ ಹೊತ್ತಿಗೆ ಮೋಡ ಹರಿದು ಬಿಸಿಲು ಬಂತು. ಸೆಕೆ ಅಂತ ನಾನು ಒಂದು ಸ್ವೆಟರು ತೆಗೆದೆ, ಅಷ್ಟೇ.

ಸಂಜೆ ಆರೂವರೆಗೆ ಬಾಗಿಲ ಗಂಟೆ ಹೊಡೆಯಿತು. ಗೇಟಿನವ ನಿಂತಿದ್ದ, ಪ್ಯಾಂಟಿಗೆಲ್ಲ ಕೆಸರು. ಜೊಂಡಿನ ಕಡ್ಡಿಯಲ್ಲಿ ಪೋಣಿಸಿದ ಎರಡು ಮೀನು. ಅಂಗೈಗಿಂತ ದೊಡ್ಡ ತಿಲಾಪಿಯ. ಏಳು ಬೆರಳು ತೋರಿಸಿದ. ಆಮೇಲೆ ಆಕಾಶದ ಕಡೆ ಕೈ ಮಾಡಿ, ನೀರಿನ ಕಡೆ ಕೈ ಇಳಿಸಿ, ಬೆರಳುಗಳನ್ನು ಕುಣಿಸಿ ತೋರಿಸಿದ. ನೀವು ಇನ್ನೊಂದು ಗಂಟೆ ಇರಬೇಕಿತ್ತು ಅಂತ ಅವನ ಮುಖವೇ ಹೇಳುತ್ತಿತ್ತು. "ಪೋಲೆ, ಮಾಮಾ" ಅಂದ. ಪಾಪ ಮಾಮಾ, ನಿಮಗೆ ತಪ್ಪಿಹೋಯಿತು ಅಂತ. ಮೀನು ಕೊಟ್ಟು ಹೋದ.

ಸಿಂಕಿನಲ್ಲಿ ಇಟ್ಟು ಕಿವಿರು ಎತ್ತಿದೆ. ಕೆಂಪಗೆ, ಈಗ ಕೊಯ್ದ ಹಾಗೆ. ಕಣ್ಣು ಇನ್ನೂ ಮಂಜಾಗಿರಲಿಲ್ಲ. ಬಾಯಿ ಬಿಡಿಸಿದೆ. ಮೇಲ್ತುಟಿಯಲ್ಲಿ ಗಾಳ ಹರಿದ ತೂತು, ಎರಡಕ್ಕೂ. ಮಾರ್ಕೆಟ್ಟಿನ ಮೀನು ಬಲೆಯದು, ಅದರ ತುಟಿಯಲ್ಲಿ ತೂತು ಇರುವುದಿಲ್ಲ. ಹೊಟ್ಟೆ ಸೀಳಿದರೆ ಒಳಗೆ ಅರಗದ ಉಗಾಲಿಯ ಚೂರು ಸಿಕ್ಕಿತು, ಸೀದ ಕಪ್ಪು ಅಂಚಿನ ಸಮೇತ.

ಆಗ ಎಲ್ಲ ಒಟ್ಟಿಗೆ ತಿಳಿಯಿತು. ನಮ್ಮ ಅಳಿವೆಯ ಮೀನು ನೀರಿನ ನಡಿಗೆಗೆ ಕಾಯುತ್ತದೆ. ಈ ಕೆರೆಯ ಮೀನು ಚಳಿಗಾಲದಲ್ಲಿ ಬಿಸಿಲಿಗೆ ಕಾಯುತ್ತದೆ. ದಡದ ತೆಳು ನೀರು ಬಿಸಿಯಾದರೆ ಮೇವಿಗೆ ಮೇಲೆ ಬರುತ್ತದೆ, ಇಲ್ಲವಾದರೆ ತಳದಲ್ಲಿ ಬಿದ್ದಿರುತ್ತದೆ. ಅವನು ಕಾದದ್ದು ಸೂರ್ಯನಿಗೆ. ಬೆಳಿಗ್ಗೆಯಿಂದ ಆಕಾಶ ನೋಡಿದ್ದು ಅದಕ್ಕೆ. ಅವನು ಅವನ ನೀರಿನ ವಿದ್ಯೆ ಸರಿಯಾಗಿ ಮಾಡುತ್ತಿದ್ದ. ನಾನು ನನ್ನ ನೀರಿನ ವಿದ್ಯೆಯಿಂದ ಅವನನ್ನು ಕಳ್ಳ ಮಾಡಿದ್ದೆ.

ಅಳಿಯ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. "ಓಹೋ, ಮೀನು ಬೇರೆ ತಂದಿದಾನೆ! ಮಾರ್ಕೆಟಲ್ಲಿ ತಗೊಂಡು ಬಂದು ಕವರ್ ಅಪ್ ಮಾಡ್ತಿದಾನೆ, ಅಲ್ವಾ ಅತ್ತೆ?"

ನನ್ನ ಹೆಬ್ಬೆರಳು ಮೀನಿನ ತುಟಿಯ ತೂತಿನ ಮೇಲೇ ಇತ್ತು. ಆ ಮನೆಯಲ್ಲಿ ಅದನ್ನು ಓದಲು ಬರುವವಳು ನಾನೊಬ್ಬಳೇ. ಇಲ್ಲ, ಇದು ಗಾಳದ ಮೀನು, ನಾನು ತಪ್ಪು ಹೇಳಿದೆ ಅನ್ನಬೇಕಿತ್ತು. ಎಷ್ಟು ಮಾತು ಅದು? ಮೂರು ನಾಲ್ಕು ಮಾತು. ಆದರೆ ಮಧ್ಯಾಹ್ನವಷ್ಟೇ ದೊಡ್ಡದಾಗಿ ಹೇಳಿದ್ದೆ, ಮೀನಿನ ವಿಷಯ ನನಗೆ ಹೇಳಿಕೊಡಬೇಡಿ ಅಂತ. ನನಗೆ ಗೊತ್ತಿರುವುದು ಅದೊಂದೇ. ಅದೂ ಗೊತ್ತಿಲ್ಲ ಅಂತಾದರೆ ಈ ಮನೆಯಲ್ಲಿ ನಾನು ಯಾರು?

"ಇದ್ದೀತು" ಅಂದೆ.

ಅಷ್ಟೇ ಹೇಳಿದ್ದು. ಮೀನು ಸಾರು ಮಾಡಿದೆ. ಒಬ್ಬಳೇ ತಿಂದೆ. ಚೆನ್ನಾಗಿತ್ತು.

ಮಾರನೆಯ ಸಂಜೆ ಕಮಿಟಿ ಸೇರಿತು. ಅಳಿಯ ವಾಪಸು ಬಂದು ಶೂ ಬಿಚ್ಚುತ್ತ ನಕ್ಕರು. "ಗೊತ್ತಾ ಅತ್ತೆ, ನಿಮ್ಮನ್ನೇ ಸಾಕ್ಷಿ ಅಂದುಬಿಟ್ಟ! ಥರ್ಡ್ ಫ್ಲೋರ್ ಮಾಮಾನ ಕೇಳಿ, ದಿನವಿಡೀ ನನ್ನ ಪಕ್ಕ ಕೂತಿದ್ರು, ಅವರು ಸುಳ್ಳು ಹೇಳಲ್ಲ ಅಂತ. ನಾವು ಕೇಳಾಗಿದೆ ಅಂದ್ವಿ." ಮಗಳು ನನ್ನ ಕಡೆ ನೋಡಿದಳು. ನಾನು ಮೊಮ್ಮಗಳ ಜಡೆ ಹೆಣೆಯುತ್ತಿದ್ದೆ, ಹೆಣೆಯುತ್ತಲೇ ಇದ್ದೆ.

ಕೇಳಾಗಿದೆ ಅಂದಾಗ ಅವನ ಮುಖ ಹೇಗಿತ್ತು ಅಂತ ನಾನು ಅಳಿಯನನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಅಂತ ಬರೆದರೆ ಅದೂ ಪೂರ್ತಿ ನಿಜವಲ್ಲ. ಕೇಳಬೇಕು ಅನ್ನಿಸಲಿಲ್ಲ. ಆ ವಾರವೇ ಅವನು ಹೋದ. ಹೋಗುವ ದಿನ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಯೂನಿಫಾರಂ ಇಲ್ಲದೆ, ಕೆಂಪು ಅಂಗಿಯಲ್ಲಿ, ಒಂದು ಚೀಲ ಹಿಡಿದು ಗೇಟಿನ ಹೊರಗೆ ನಿಂತಿದ್ದ. ಮೇಲೆ ನೋಡಿದ. ನಾನು ಹಾಸಿಗೆಯ ಚಾದರ ಹರವಿ ಅದರ ಹಿಂದೆ ನಿಂತೆ. ತುಂಬ ಹೊತ್ತು ನಿಂತೆ. ಆಮೇಲೆ ನೋಡಿದರೆ ಇರಲಿಲ್ಲ.

ಡೀಸೆಲ್ ಅವನು ಕದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಹೋದ ಮೇಲೆ ಕಡಿಮೆಯಾಗುವುದು ನಿಂತಿತು ಅಂತ ಅಳಿಯ ಹೇಳುತ್ತಿದ್ದರು. ಅದೇ ವಾರ ಶೆಡ್ಡಿಗೆ ಹೊಸ ಬೀಗವೂ ಬಿತ್ತು, ಹಳೆಯ ಪೈಪೂ ಬದಲಾಯಿತು. ಯಾವುದರಿಂದ ನಿಂತಿತು ಅಂತ ಯಾರು ಹೇಳಬೇಕು? ಕದ್ದಿದ್ದರೂ ಕದ್ದಿರಬಹುದು. ನಾನು ಅವನನ್ನು ದೇವರು ಮಾಡಲು ಇದನ್ನು ಬರೆಯುತ್ತಿಲ್ಲ. ಮೀನಿಗೆ ಹೋಗುತ್ತೇನೆ ಅಂತ ಅವನು ಹೇಳಿದ್ದು ನಿಜ, ಅಲ್ಲ ಅಂತ ನಾನು ಹೇಳಿದ್ದು ಸುಳ್ಳು. ಸಂಜೆ ಆರೂವರೆಯ ತನಕ ಅದು ತಪ್ಪು ತಿಳಿವಳಿಕೆ. ಆರೂವರೆಯ ನಂತರ ಸುಳ್ಳು.

ಮೊನ್ನೆ ಉಗಾಲಿ ಸೀದ ದಿನವೇ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಆ ಗೇಟಿನವ ತಂದ ಮೀನು ಗಾಳದ್ದು, ತುಟಿಯಲ್ಲಿ ತೂತು ಇತ್ತು, ಅವತ್ತೇ ನೋಡಿದ್ದೆ ಅಂತ. ಅಳಿಯ ಫೋನಿನಿಂದ ತಲೆ ಎತ್ತಿದರು. "ಯಾವ ಗೇಟಿನವನು ಅತ್ತೆ? ಎಷ್ಟೋ ಜನ ಬಂದು ಹೋದ್ರಲ್ಲ." ನೆನಪು ಮಾಡಿಕೊಟ್ಟೆ. "ಓ... ಅದಾ. ಬಿಡಿ ಅತ್ತೆ, ಹಳೇ ಕತೆ" ಅಂದು ಮೊಸರು ಹಾಕಿಕೊಂಡರು.

ಮಗಳು ಬಿಡಲಿಲ್ಲ. "ಅಮ್ಮಾ, ಅವತ್ತ್ ಇವ್ರು ಕೇಳ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತ್."

"ಗೊತ್ತ್ ಇದ್ದೂ 'ಇದ್ದೀತು' ಅಂದ್ಯಾ?"

"ಹೌದ್" ಅಂದೆ.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ಈಗಿನ ಕಾವಲಿನವರ ಮೇಸ್ತ್ರಿಯ ಹತ್ತಿರ ಅವನ ಬಗ್ಗೆ ವಿಚಾರಿಸಿದಳು. ಎಂಟು ವರ್ಷದಲ್ಲಿ ಎರಡು ಕಂಪನಿ ಬದಲಾಗಿದೆಯಂತೆ, ಹಳಬರು ಯಾರೂ ಇಲ್ಲವಂತೆ. ಅವನ ಹೆಸರೇನು ಅಂತ ಮೇಸ್ತ್ರಿ ಕೇಳಿದ. ಮಗಳು ನನ್ನ ಮುಖ ನೋಡಿದಳು. ಎಲ್ಲರೂ ಅವನನ್ನು ಅಸ್ಕಾರಿ ಅನ್ನುತ್ತಿದ್ದರು, ನಾನು ಅದೂ ಅನ್ನುತ್ತಿರಲಿಲ್ಲ. ಮೇಸ್ತ್ರಿ ಇಲ್ಲ ಅಂತ ಕೈ ಆಡಿಸಿದ.

ಸರೋವರದ ಕಡೆ ಹೋದನೋ, ಇದೇ ಊರಿನ ಇನ್ನೊಂದು ಗೇಟಿನಲ್ಲಿ ಕೂತಿದ್ದಾನೋ, ಇದ್ದಾನೋ ಇಲ್ಲವೋ... ಟ್ಯಾಕ್ಸಿಯಲ್ಲಿ ಹೋಗುವಾಗ ಗೇಟುಗಳ ಕಡೆ ನೋಡುತ್ತೇನೆ. ಉದ್ದ ಆಳುಗಳು ಈ ಊರಲ್ಲಿ ಬೇಕಾದಷ್ಟು ಇದ್ದಾರೆ.

ಆ ರಾತ್ರಿಯಿಂದ ಮಗಳು ನನ್ನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಮಾತ್ರೆ ಎಣಿಸಿ ಕೊಡುತ್ತಾಳೆ. ಈಚೆಗೆ ಕೆಲವು ವರ್ಷದಿಂದ ಮನೆಯ ಒಂದೊಂದು ವಿಷಯ ನನ್ನನ್ನು ಕೇಳುತ್ತಿದ್ದಳು, ಅಮ್ಮ ನಿಂಗೆ ಎಂತ ಅನ್ನಿಸ್ತದೆ ಅಂತ. ಹೊಸ ಕೆಲಸದವಳೊಬ್ಬಳನ್ನು ನೋಡಲು ನಿನ್ನೆ ಕರೆಸಿದ್ದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಅವಳು ನಂಬುವ ಹಾಗೆ ಇದ್ದಾಳೋ ಇಲ್ಲವೋ ಅಂತ ಗಂಡ ಹೆಂಡತಿ ಇಬ್ಬರೇ ಮಾತಾಡಿಕೊಂಡರು. ನನ್ನ ಕಡೆ ಯಾರೂ ತಿರುಗಲಿಲ್ಲ. ತಿರುಗದೆ ಇದ್ದದ್ದು ಸರಿಯೇ.